ಆರನೇ ಹಾಸಿಗೆಯ ನೀಲಿ ಕೋಲು

ಸಮಸ್ತರ ಗಮನಕ್ಕೆ: ಸೋಮವಾರದಿಂದ ಈ ಆಸ್ಪತ್ರೆಯ ನೆಲ ಒರೆಸುವ ಕೋಲುಗಳಿಗೆ ಬಣ್ಣ ಬಂದಿದೆ. ಐಸಿಯುಗೆ ನೀಲಿ, ಪಾಯಖಾನೆಗೆ ಕೆಂಪು. ಕೆಂಪು ಕೋಲಿನವರು ಐಸಿಯು ಹೊಸ್ತಿಲು ದಾಟತಕ್ಕದ್ದಲ್ಲ. ಇಂತು, ಸೂಪರ್‌ವೈಸರು.

ನೆಲ ಒರೆಸುವ ಅವಳಿಗೆ ಸಿಕ್ಕಿದ್ದು ಕೆಂಪು. ಐಸಿಯುವಿನ ಆರನೇ ಹಾಸಿಗೆಯಲ್ಲಿದ್ದವನು ಅವಳ ಗಂಡ. ಇದೇ ಆಸ್ಪತ್ರೆಯ ಹೊಸ ಕಟ್ಟಡಕ್ಕೆ ಬಣ್ಣ ಹೊಡೆಯುವಾಗ ಹಗ್ಗ ಕಿತ್ತು ಬಿದ್ದವನು. ಹನ್ನೆರಡು ದಿನವಾಯಿತು, ಮಾತಿಲ್ಲ. ಕಟ್ಟಡ ಆರೋಗ್ಯವಾಗಿದೆ.

"ಮನೆಯವರು ದಿನಾ ಮಾತಾಡಿಸ್ತಿರಬೇಕಮ್ಮ, ಔಷಧಿಗಿಂತ ಅದೇ ಮುಖ್ಯ" ಎಂದಿದ್ದರು ಡಾಕ್ಟರು.

ನೆಂಟರನ್ನು ಒಳಗೆ ಬಿಡುವುದು ನಾಲ್ಕರಿಂದ ನಾಲ್ಕೂವರೆ. ಅವಳ ಪಾಳಿ ಮುಗಿಯುವುದು ಐದಕ್ಕೆ. ಅರ್ಧ ಗಂಟೆ ಬಿಡಿ ಎಂದಿದ್ದಕ್ಕೆ ಸೂಪರ್‌ವೈಸರು ಕೇಳಿದ್ದ: "ನೀನು ಗಂಡನ್ನ ನೋಡ್ತಾ ಕೂತ್ರೆ ಪಾಯಖಾನೆ ನಿಮ್ಮಪ್ಪ ತೊಳೀತಾನಾ?"

ನೀಲಿ ಕೋಲು ಸಿಕ್ಕಿದ್ದು ಜೊತೆ ಕೆಲಸದ ದಪ್ಪಕ್ಕನಿಗೆ. ಉಪಾಯವೂ ಅವಳದೇ.

"ಕೊಡೇ ಇಲ್ಲಿ ನಿನ್ನ ಕೆಂಪು. ಮಾಸ್ಕ್ ಹಾಕ್ಕೊಂಡು ನೀಲಿ ಹಿಡ್ಕೊಂಡು ಹೋಗು."

"ಗೊತ್ತಾಗಲ್ವೇನಕ್ಕಾ?"

"ನಾನು ಇಬ್ಬರಷ್ಟಿದೀನಿ, ನೀನು ಅರ್ಧ. ಆದ್ರೂ ಗೊತ್ತಾಗಲ್ಲ ನೋಡು. ಅವರು ನೋಡೋದು ಕೋಲು."

ಗೊತ್ತಾಗಲಿಲ್ಲ. ಒಂಬತ್ತು ದಿನ ಆರನೇ ಹಾಸಿಗೆಯ ಸುತ್ತ ನೆಲ ಕನ್ನಡಿಯಾಯಿತು. ಒರೆಸುತ್ತಲೇ ಪಿಸುಗುಟ್ಟುತ್ತಿದ್ದಳು: "ರೀ, ಕೋಲಿಗೆ ಒಂದೇ ಕೋಟು ಬಣ್ಣ ಹೊಡೆದಿದಾರೆ, ಆಗಲೇ ಚಕ್ಕೆ ಏಳ್ತಿದೆ. ನೀವಾಗಿದ್ರೆ ಬಿಡ್ತಿದ್ರಾ?"

ಅವನ ಬೆರಳುಗಳು ಬ್ರಷ್ ಹಿಡಿದಂತೆ ಮಡಚಿಕೊಂಡವು.

ಹತ್ತನೇ ದಿನ ಡಾಕ್ಟರು ರೌಂಡ್ಸಿಗೆ ಬಂದರು, ಹಿಂದೆ ಸೂಪರ್‌ವೈಸರು. ರೋಗಿಯ ಕಣ್ಣು ಕೋಲು ಹಿಡಿದವಳ ಮೇಲೇ ಇತ್ತು. ಮಾಸ್ಕಿನೊಳಗೆ ಯಾರಿದ್ದಾರೆಂದು ಡಾಕ್ಟರಿಗೂ ತಿಳಿಯಲಿಲ್ಲ. ಸುಮ್ಮನೆ ಪರೀಕ್ಷೆಗೆಂದು ಕೇಳಿದರು: "ಇವರು ಯಾರು, ಹೇಳಿ ನೋಡೋಣ?"

ತುಟಿ ಬಿಚ್ಚಿತು. "ನನ್... ಹೆಂಡ್ತಿ."

"ಶಭಾಷ್! ಮಾತು ಬಂತು!" ಡಾಕ್ಟರು ಬರೆದುಕೊಂಡರು. ಸೂಪರ್‌ವೈಸರೂ ಬರೆದುಕೊಂಡ.

"ರೋಗಿಯ ಸಂಬಂಧಿಕರು ಆ ವಾರ್ಡಲ್ಲಿ ಕೆಲಸ ಮಾಡೋ ಹಾಗಿಲ್ಲ. ಇಡು ಕೋಲು."

"ಹೆಂಡ್ತಿಯಾಗಿ ನಿಲ್ತೀನಿ ಸಾರ್. ಈಗ ತಾನೇ ಬಾಯಿ ಬಿಟ್ರು..."

"ಯೂನಿಫಾರ್ಮಲ್ಲಿ ನೆಂಟರಿಗೆ ಪ್ರವೇಶ ಇಲ್ಲ. ನಾಲ್ಕಕ್ಕೆ ಬಾ."

ಬಾಗಿಲಲ್ಲಿದ್ದ ದಪ್ಪಕ್ಕ ಕೆಂಪು ಕೋಲನ್ನು ನೆಲಕ್ಕೆ ಬಿಸಾಡಿದಳು. "ಆ ನೀಲಿ ಇನ್ನು ನಾವ್ಯಾರೂ ಮುಟ್ಟಲ್ಲ. ನೀವೇ ಒರೆಸ್ಕೊಳ್ಳಿ."

ನಾಲ್ಕಕ್ಕೆ ಸರಿಯಾಗಿ ಅವಳು ಯೂನಿಫಾರ್ಮ್ ಬಿಚ್ಚಿಟ್ಟು, ಮನೆಯ ಸೀರೆಯಲ್ಲಿ ಐಸಿಯು ಬಾಗಿಲಿಗೆ ಬಂದಳು. ಒಳಗಿನಿಂದ ಅವವೇ ಎರಡು ಮಾತು ಮತ್ತೆ ಮತ್ತೆ ಕೇಳುತ್ತಿದ್ದವು.

ಸೂಪರ್‌ವೈಸರು ಗಡಿಯಾರ ನೋಡಿದ, ಸೀರೆ ನೋಡಿದ.

"ನಿನ್ನ ಪಾಳಿ ಐದರವರೆಗೆ. ಪಾಳಿಯಲ್ಲಿ ಯೂನಿಫಾರ್ಮ್ ಬಿಚ್ಚೋ ಹಾಗಿಲ್ಲ."