ಗೋಡೆಯಲ್ಲಿ ಹಿಡಿಸದ ಹೆಸರು

ಒಂದು ವರ್ಷ ಸಾಹಿತ್ಯಕ್ಕೆ, ಮರುವರ್ಷ ಪತ್ರಿಕೋದ್ಯಮಕ್ಕೆ ಎಂದು ಅರವತ್ತು ವರ್ಷಗಳಿಂದ ಪ್ರಶಸ್ತಿ ಕೊಡುತ್ತ ಬಂದಿದ್ದ ಆ ಸಂಸ್ಥೆಯ ಸಭಾಂಗಣದಲ್ಲಿ, ಗೆದ್ದವರ ಹೆಸರು ಬರೆಯಲು ಇದ್ದದ್ದು ಒಂದೇ ಗೋಡೆ. ಶುರುವಿನಲ್ಲಿ ಬರೆದವನು ಬೋರ್ಡು ಬರೆಯುವ ಕುಂಚಣ್ಣನ ಮಾವ. ಧಾರಾಳಿ ಮನುಷ್ಯ. ಮೊದಲ ಕಾದಂಬರಿಕಾರನ ಹೆಸರನ್ನು ಆಳೆತ್ತರದ ಅಕ್ಷರಗಳಲ್ಲಿ ಬರೆದುಬಿಟ್ಟಿದ್ದ. ಆಮೇಲೆ ಗೆದ್ದವರು ಮೊಳಕ್ಕೆ, ಗೇಣಿಗೆ ಇಳಿಯುತ್ತ ಬಂದರು. ಮಾವ ತೀರಿಕೊಂಡ ಮೇಲೆ ಕೆಲಸ ಅಳಿಯನ ಕೈಗೆ ಬಂತು. ಈ ವರ್ಷ ಕುಂಚಣ್ಣ ಅಳೆದು ನೋಡಿದರೆ, ಬಾಗಿಲ ಪಕ್ಕದಲ್ಲಿ ಉಳಿದದ್ದು ಒಂದೇ ಗೇಣು.

"ಹಳೇದು ಅಳಿಸಿ ಎಲ್ಲಾರದ್ದೂ ಚಿಕ್ಕದಾಗಿ ಬರೀಲಾ ಸಾರ್?"

ಕಾರ್ಯದರ್ಶಿ ಹೌಹಾರಿದರು. "ಅದು ಇತಿಹಾಸ ಕಣಯ್ಯ, ಮುಟ್ಟೋ ಹಾಗಿಲ್ಲ. ಗೇಣಲ್ಲಿ ಎಷ್ಟಕ್ಷರ ಹಿಡಿಸುತ್ತೆ ಹೇಳು."

"ಐದು."

ಮರುದಿನವೇ ಪ್ರಶಸ್ತಿಯ ನಿಯಮಕ್ಕೆ ಐದಕ್ಷರದ ಷರತ್ತು ಸೇರಿತು. ಈ ಸಲ ಪತ್ರಿಕೋದ್ಯಮದ ಸರದಿ; ಅಂದಿನಿಂದ ಪತ್ರಕರ್ತರು ಕುಂಚಣ್ಣನ ಮನೆಗೆ ಎಡತಾಕತೊಡಗಿದರು. ಅಂಕಣಕಾರರೊಬ್ಬರು ಮನೆತನದ ಹೆಸರನ್ನೇ ಕೈಬಿಟ್ಟು ಬಂದಿದ್ದರು. ಉಪಸಂಪಾದಕರೊಬ್ಬರು, "ನನ್ನ ಹೆಸರಲ್ಲಿ ಎರಡು ಒತ್ತಕ್ಷರ ಇವೆ. ಅವು ಕೆಳಗಡೆ ಕೂತ್ಕೊಳ್ತವೆ, ಅಗಲ ತಗೊಳಲ್ಲ," ಎಂದು ಕಾಗದದ ಮೇಲೆ ಬರೆದು ತೋರಿಸಿದರು.

ಅವರು ಹೋದ ಮೇಲೆ ಹೆಂಡತಿ ಕೊಡ ತುಂಬಿಸುತ್ತ ಹೇಳಿದಳು: "ನಮ್ಮ ನಲ್ಲೀಲಿ ತುಕ್ಕು ನೀರು ಬರೋದು ನಿಂತದ್ದು ಯಾರಿಂದ? ಎರಡು ವರ್ಷ ಬಿಡದೆ ಪೇಪರಲ್ಲಿ ಬರೆದು ಪೈಪು ಬದಲಾಯಿಸೋ ಹಾಗೆ ಮಾಡಿದ್ದು ಆ ವರದಿಗಾರ್ತಿ ಹುಡುಗಿ. ಅವಳ ಹೆಸರು ಯಾಕೆ ಯಾರೂ ಎತ್ತಲ್ಲ?"

ಎತ್ತುವುದು ಸುಲಭವಿರಲಿಲ್ಲ. ಆ ವರದಿಗಾರ್ತಿಯ ಹೆಸರಿಗೆ ಇಪ್ಪತ್ತಮೂರು ಅಕ್ಷರ. ಕಚೇರಿಯವರು ಅವಳನ್ನು ರೈಲು ಎಂದೇ ಕರೆಯುತ್ತಿದ್ದರು. ಕುಂಚಣ್ಣ ಅವಳ ಮೇಜಿನ ತನಕ ಹೋಗಿ, ಸ್ವಲ್ಪ ಮೊಟಕು ಮಾಡಿಕೊಳ್ಳಬಹುದೇ ಎಂದು ಸಂಕೋಚದಿಂದ ಕೇಳಿದ.

"ಅರ್ಧ ನಮ್ಮಜ್ಜಿ ಹೆಸರು, ಅಣ್ಣಾ. ನಂಗೆ ಓದು ಕಲಿಸಿದ್ದೇ ಅಜ್ಜಿ. ಕತ್ತರಿಸಿದ್ರೆ ಅವಳು ಹೊರಗುಳೀತಾಳೆ," ಎಂದು ಅವಳು ಮತ್ತೆ ಟೈಪು ಮಾಡತೊಡಗಿದಳು.

ಆಯ್ಕೆಯ ಸಭೆಗೆ ಕುಂಚಣ್ಣನನ್ನೂ ತಜ್ಞನೆಂದು ಕರೆದರು. ದಿನಾ ಹವಾಮಾನದ ಎರಡು ಸಾಲು ಬರೆಯುವ ಮೂರಕ್ಷರದ ಹೆಸರಿನ ಮನುಷ್ಯನೊಬ್ಬ ಬಹುತೇಕ ಗೆದ್ದಾಗಿತ್ತು. ಹಿರಿಯ ತೀರ್ಪುಗಾರರು ಮಾತ್ರ ಕನ್ನಡಕ ಒರೆಸುತ್ತ, "ನಿಜಕ್ಕೂ ಆ ನೀರಿನ ಹುಡುಗೀಗೆ ಸಲ್ಲಬೇಕು. ಆದ್ರೆ ಹಿಡಿಸಲ್ವಲ್ಲ," ಎಂದರು.

"ಹಿಡಿಸುತ್ತೆ ಸಾರ್," ಎಂದುಬಿಟ್ಟ ಕುಂಚಣ್ಣ.

ಸಮಾರಂಭದ ಬೆಳಿಗ್ಗೆ ಅವಳ ಹೆಸರಿನ ಐದಕ್ಷರಕ್ಕೇ ಗೋಡೆ ಮುಗಿಯಿತು. ಕುಂಚ ನಿಲ್ಲಲಿಲ್ಲ. ಚೌಕಟ್ಟು ದಾಟಿ, ಮುಚ್ಚಿದ ಬಾಗಿಲ ಮೇಲೇರಿ, ಕೊನೆಯಕ್ಷರ ಚಿಲಕದ ಹತ್ತಿರ ಬಂದು ನಿಂತಿತು. ಅಷ್ಟರಲ್ಲಿ ಹೊರಗಿನಿಂದ ಕಾರ್ಯದರ್ಶಿ ಬಾಗಿಲು ನೂಕಿದರು.

"ತಳ್ಳಬೇಡಿ ಸಾರ್, ಅಜ್ಜಿ ಇನ್ನೂ ಹಸಿ."

ಆ ಸಭಾಂಗಣಕ್ಕಿದ್ದದ್ದು ಒಂದೇ ಬಾಗಿಲು. ಅತಿಥಿಗಳು ಬೆಂಚು ಹತ್ತಿ ಕಿಟಕಿಯಿಂದ ಒಳಗಿಳಿದರು. ಮುಖ್ಯ ಅತಿಥಿ ನಡುವೆ ಸಿಕ್ಕಿಕೊಂಡಾಗ ಹವಾಮಾನದವನೇ ಒಳಗಿನಿಂದ ಎಳೆದುಕೊಂಡ. ವರದಿಗಾರ್ತಿ ಚಪ್ಪಲಿ ಕೈಯಲ್ಲಿ ಹಿಡಿದು ಕೊನೆಗೆ ಬಂದಳು. ಗೋಡೆಯಿಂದ ಬಾಗಿಲ ತನಕ ಹೆಸರಿನ ಜೊತೆಗೇ ನಡೆಯುತ್ತ ಓದಿದಳು. ಕುಂಚಣ್ಣ ಅವಳ ಮುಖ ನೋಡಲಾರದೆ ಕುಂಚ ತೊಳೆಯತೊಡಗಿದ.

ಮನೆಗೆ ಬಂದಾಗ ಹೆಂಡತಿ ಕೇಳಿದಳು: "ಬೈದ್ರಾ?"

"ಚೆನ್ನಾಗಿ ಬೈದ್ರು. ಬಾಗಿಲೂ ಈಗ ಇತಿಹಾಸ, ತೆರೆಯೋ ಹಾಗಿಲ್ವಂತೆ. ಕಿಟಕಿಗೆ ಮೆಟ್ಟಿಲು ಕಟ್ಟಿಸ್ತಾರಂತೆ."