ಹದಿನೇಳನೇ ನಂಬರಿನ ಹೊಟ್ಟೆ

ಡಾಕ್ಟರ್ ನೀತಾ ಪುಣೆಯ ಆಸ್ಪತ್ರೆಯೊಂದರಲ್ಲಿ ಮಕ್ಕಳ ಕ್ಯಾನ್ಸರಿಗೆ ಚಿಕಿತ್ಸೆ ಕೊಡುತ್ತಿದ್ದಳು. 2008ರ ಬೇಸಿಗೆಯಲ್ಲಿ ಅವಳು ತನ್ನ ರೋಗಿಗಳ ತಂದೆತಾಯಂದಿರ ಮುಂದೆ ಒಂದು ವಿಚಿತ್ರ ಬೇಡಿಕೆ ಇಟ್ಟಳು. ಪ್ರತಿ ಸೋಮವಾರ ಬರುವಾಗ ಮಗುವಿನ ಮಲವನ್ನು ಒಂದು ಚಿಕ್ಕ ಡಬ್ಬಿಯಲ್ಲಿ ತಂದುಕೊಡಬೇಕು.

ಕ್ಯಾನ್ಸರಿನ ಔಷಧಿ, ಜ್ವರ ಬಂದಾಗ ಕೊಡುವ ಆಂಟಿಬಯೋಟಿಕ್ ಎಲ್ಲ ಸೇರಿ ಮಕ್ಕಳ ಕರುಳಿನಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಾಗಳನ್ನೂ ಕೊಲ್ಲುತ್ತವೆ. ಅವು ಎಷ್ಟು ಸಾಯುತ್ತವೆ, ಯಾವಾಗ ಮರಳಿ ಬರುತ್ತವೆ, ಅವು ಬಂದರೆ ಮಗುವಿನ ರೋಗನಿರೋಧಕ ಶಕ್ತಿಯೂ ಬೇಗ ಬರುತ್ತದೆಯೇ ಎಂಬುದು ನೀತಾಳ ಪ್ರಶ್ನೆ. ಪ್ರಶ್ನೆ ದೊಡ್ಡದಾಗಿತ್ತು. ಆದರೆ ಜನರ ಕಣ್ಣಿಗೆ ಬಿದ್ದದ್ದು ಡಬ್ಬಿ ಮಾತ್ರ. ಇಷ್ಟು ಓದಿದ ಹೆಣ್ಣುಮಗಳಿಗೆ ಇದೆಂಥ ಗತಿ ಎಂದು ಕೆಲವರು ಮರುಗಿದರು. ಹಿಂಜವಾಡಿಯಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದ ಒಬ್ಬ ತಂದೆ ಬಣ್ಣ, ಹೊತ್ತು, ತೂಕವನ್ನೆಲ್ಲ ಪಟ್ಟಿ ಮಾಡಿ ಇಮೇಲ್ ಕಳಿಸತೊಡಗಿದ. ಡಬ್ಬಿಗಳನ್ನು ಪರೀಕ್ಷಿಸುವ ಮೋಹನದಾಸನ ಪಾಡು ಬೇರೆ. ಅವನು ಉಡುಪಿ ಕಡೆಯವನು. ಅವನ ಅಣ್ಣ ವಾಕಡದಲ್ಲಿ ಹೋಟೆಲು ನಡೆಸುತ್ತಿದ್ದ. ತಮ್ಮ ಏನು ಕೆಲಸ ಮಾಡುತ್ತಾನೆಂದು ಗಿರಾಕಿಗಳ ಎದುರು ಬಾಯಿ ಬಿಡಬಾರದು ಎಂದು ಅಣ್ಣ ಕೈಮುಗಿದು ಕೇಳಿಕೊಂಡಿದ್ದ.

ಡಬ್ಬಿ ತರುವುದರಲ್ಲಿ ಶಿವಬಸವ್ವನಷ್ಟು ನಿಯತ್ತಿನವರು ಇನ್ನೊಬ್ಬರಿರಲಿಲ್ಲ. ಅವಳ ಮಗ ಚನ್ನವೀರ ದೇಹೂ ರೋಡಿನ ಮಿಲಿಟರಿ ಉಗ್ರಾಣದಲ್ಲಿ ಗುಮಾಸ್ತ. ಅವನ ಆರು ವರ್ಷದ ಮಗಳು ಸಪ್ನಾಗೆ ರಕ್ತದ ಕ್ಯಾನ್ಸರ್ ಆಗಿತ್ತು. ಸೊಸೆ ಬಾಣಂತಿಯಾಗಿದ್ದರಿಂದ ಮೊಮ್ಮಗಳ ಆರೈಕೆಯೆಲ್ಲ ಶಿವಬಸವ್ವನದೇ. ಅವಳು ಜಮಖಂಡಿ ಹತ್ತಿರದ ಹಳ್ಳಿಯಲ್ಲಿ ಅರವತ್ತೈದು ವರ್ಷ ಬಾಳಿ, ಮೊಮ್ಮಗಳಿಗಾಗಿ ಮೊದಲ ಸಲ ಪುಣೆಗೆ ಬಂದವಳು. ಪ್ರತಿ ಸೋಮವಾರ ಮಗ, ಮೊಮ್ಮಗಳ ಜೊತೆ ಲೋಕಲ್ ರೈಲು ಹತ್ತುತ್ತಿದ್ದಳು. ಮಡಿಲಲ್ಲಿ ಒಂದು ಕೈಚೀಲ. ಅದರೊಳಗೆ ಐಸಿನ ನಡುವೆ ಡಬ್ಬಿ. ಎದುರು ಕೂತವರು ಮರಾಠಿಯಲ್ಲಿ ಏನದು ಎಂದು ಕೇಳಿದರೆ, "ಡಾಕ್ಟರಬಾಯಿಗೆ" ಎಂದಷ್ಟೇ ಹೇಳುತ್ತಿದ್ದಳು. ಅಜ್ಜಿ ಮನೆಯ ಅಡುಗೆ ಒಯ್ಯುತ್ತಿದ್ದಾಳೆಂದು ತಿಳಿದು ಅವರು ಮೆಚ್ಚಿ ತಲೆಯಾಡಿಸುತ್ತಿದ್ದರು.

ನೀತಾಳ ಪಟ್ಟಿಯಲ್ಲಿ ಸಪ್ನಾ ಹದಿನೇಳನೇ ನಂಬರು. ನಾಲ್ಕು ತಿಂಗಳ ನಂತರ ಮೊದಲ ಫಲಿತಾಂಶ ಬಂದಾಗ ಆ ನಂಬರು ಎಲ್ಲರನ್ನೂ ದಂಗುಬಡಿಸಿತು. ಉಳಿದ ಮಕ್ಕಳ ಬ್ಯಾಕ್ಟೀರಿಯಾಗಳು ವಾರದಿಂದ ವಾರಕ್ಕೆ ಇಳಿಯುತ್ತ ಹೋಗಿದ್ದವು. ಹದಿನೇಳರದ್ದು ಎರಡು ವಾರ ಇಳಿದು, ಮೂರನೇ ವಾರ ಒಮ್ಮೆಲೇ ಎದ್ದು ನಿಂತಿತ್ತು. ಆಮೇಲೆ ಕದಲಲೇ ಇಲ್ಲ. ಸುಗ್ಗಿಯ ಹೊಲದಂತೆ ತುಂಬಿ ತುಳುಕುವ ಕರುಳು.

ನೀತಾ ಕುಣಿಯುವುದೊಂದು ಬಾಕಿ. ಸಪ್ನಾ ಏನು ತಿನ್ನುತ್ತಾಳೆಂದು ಶಿವಬಸವ್ವನನ್ನು ಕೂರಿಸಿಕೊಂಡು ವಿಚಾರಿಸಿದಳು.

"ಜ್ವಾಳದ ರೊಟ್ಟಿ ತಿಂತಾಳ್ರಿ. ಹಾಲಾಗ ನೆನಿಸಿ ಕೊಡ್ತೀನಿ. ಮತ್ತ ಏನ ತಿಂದಾಳು, ಬಾಯೆಲ್ಲಾ ಹುಣ್ಣ ಆಗ್ಯಾವ" ಎಂದಳು ಅಜ್ಜಿ.

ನೀತಾ "ಜೋಳ" ಎಂದು ಬರೆದುಕೊಂಡು ಕೆಳಗೆ ಎರಡು ಗೆರೆ ಎಳೆದಳು. ಅವಳ ಮೇಲಧಿಕಾರಿ ಡಾಕ್ಟರ್ ಮಾರ್ತಾಂಡ ಅವಳಿಗಿಂತ ಉತ್ಸಾಹಿ. ದಿಲ್ಲಿಯ ಸಮ್ಮೇಳನದಲ್ಲಿ ಇದನ್ನು ಮಂಡಿಸಲೇಬೇಕೆಂದು ಹಟ ಹಿಡಿದರು. ತಮ್ಮ ಮನೆಯಲ್ಲಿ ಚಪಾತಿ ನಿಲ್ಲಿಸಿದರು. ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಜೋಳದ ಭಾಕರಿ ಮಾಡಿಸಿ, ತಿನ್ನದ ಕಿರಿಯ ಡಾಕ್ಟರುಗಳನ್ನು ಗುರಾಯಿಸಿದರು. ಬಿಜಾಪುರದಲ್ಲಿದ್ದ ನೀತಾಳ ತಾಯಿಗೆ ಸುದ್ದಿ ಮುಟ್ಟಿದಾಗ, "ನಾ ಹೇಳಿದ್ರ ಕೇಳಲಿಲ್ಲ, ಈಗ ಮಿಶಿನ್ ಹೇಳ್ತಂತ ಕೇಳ್ತಿ" ಎಂದು ಫೋನ್ ಇಟ್ಟರು.

ಮೋಹನದಾಸ ಮಾತ್ರ ರಾಗ ಎಳೆಯುತ್ತಿದ್ದ. "ಮೇಡಂ, ಇದು ಸಣ್ಣ ಮಗುವಿನದ್ದು ಅಂತ ನನಗೆ ಕಾಣುವುದಿಲ್ಲ ಮಾರಾಯ್ರೆ. ಜನ್ಮದಲ್ಲಿ ಒಂದು ಮಾತ್ರೆ ನುಂಗದವರ ಹೊಟ್ಟೆ ಇದು."

"ಅದಕ್ಕೇ ಅಲ್ಲೇನ್ರಿ ಇದು ವಿಶೇಷ?" ಎಂದು ನೀತಾ ಅವನ ಬಾಯಿ ಮುಚ್ಚಿಸಿದಳು.

ದಿಲ್ಲಿಗೆ ಹೊರಡಲು ನಾಲ್ಕು ದಿನ ಇತ್ತು. ಆ ಸೋಮವಾರ ಚನ್ನವೀರ ಮಗಳನ್ನು ಎತ್ತಿಕೊಂಡೇ ಒಳಗೆ ಬಂದ. ಸಪ್ನಾ ಹೊಟ್ಟೆ ಹಿಡಿದುಕೊಂಡು ಅಳುತ್ತಿದ್ದಳು. ಹಿಂದೆ ಬಂದ ಶಿವಬಸವ್ವ ಡಬ್ಬಿಯನ್ನು ಮೇಜಿನ ಮೇಲಿಟ್ಟು ಕೂತಳು. ನೀತಾ ಹೊಟ್ಟೆ ಮುಟ್ಟಿದಳು. ಹಲಗೆಯಂತೆ ಬಿಗಿದಿತ್ತು.

"ಸಂಡಾಸಕ್ಕ ಯಾವಾಗ ಹೋಗಿದ್ಲು?"

"ಆರ ದಿನಾ ಆತ್ರಿ" ಎಂದಳು ಶಿವಬಸವ್ವ ನೆಲ ನೋಡುತ್ತ.

ನೀತಾ ಮೇಜಿನ ಮೇಲಿನ ಡಬ್ಬಿ ನೋಡಿದಳು. ಅಜ್ಜಿಯನ್ನು ನೋಡಿದಳು. ಮತ್ತೆ ಡಬ್ಬಿ ನೋಡಿದಳು.

"ಆಯಿ, ಮತ್ತ ಇದು ಯಾರದು?"

ಶಿವಬಸವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಚನ್ನವೀರನ ಮುಖ ಬಿಳಿಚಿತು. "ಯವ್ವಾ! ಏನ ಮಾಡೀಯ ಯವ್ವಾ?"

"ಮತ್ತೇನ ಮಾಡ್ಲೋ? ಸೋಮಾರ ತಪ್ಪಿಸಬ್ಯಾಡ್ರಿ ಅಂತ ಬಾಯಾರು ನೂರ ಸಲ ಹೇಳ್ಯಾರ. ಕೂಸಿನ ಹೊಟ್ಟಿಗೆ ಸೋಮಾರ, ಮಂಗಳಾರ ತಿಳೀತದೇನು? ಮೊದಲ ಎರಡ ವಾರ ಆಕಿದ ಕೊಟ್ಟೀನ್ರಿ ಬಾಯಾರ. ಆಮ್ಯಾಲ ಆಕಿ ಬುಧವಾರಕ್ಕೊಮ್ಮೆ ಹೋಗಾಕ ಹತ್ತಿದ್ಲು. ಇಷ್ಟ ಚಲೋ ಔಷಧ ಕೊಡೋ ಡಾಕ್ಟರಬಾಯಿಗೆ ಖಾಲಿ ಡಬ್ಬಿ ಹೆಂಗ ಕೊಡಲಿ? ಹೊರಗಿಂದಲ್ರಿ, ಮನೀದ, ನಂದೇ. ಒಂದ ರಕ್ತ ಅಲ್ರೀ?"

ನೀತಾಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎರಡಕ್ಕೂ ಆಗ ಹೊತ್ತಿರಲಿಲ್ಲ. ಸಪ್ನಾಗೆ ಕೊಡುತ್ತಿದ್ದ ಇಂಜೆಕ್ಷನ್‌ಗಳಲ್ಲಿ ಒಂದು ಕರುಳಿನ ನರಗಳನ್ನು ಮಂಕು ಮಾಡುತ್ತದೆ, ಮಲ ಕಟ್ಟುತ್ತದೆ. ಇದು ಅವಳಿಗೆ ಚೆನ್ನಾಗಿ ಗೊತ್ತಿದ್ದ ಸಂಗತಿ. ಉಳಿದ ಮಕ್ಕಳನ್ನೆಲ್ಲ ಅದರ ಬಗ್ಗೆ ತಪ್ಪದೆ ಕೇಳುತ್ತಿದ್ದಳು. ಇವಳ ಡಬ್ಬಿ ಪ್ರತಿ ವಾರ ತುಂಬಿ ಬರುತ್ತಿದ್ದುದರಿಂದ ಕೇಳುವುದನ್ನೇ ಬಿಟ್ಟಿದ್ದಳು. ಆ ತಪ್ಪು ಅಜ್ಜಿಯದಲ್ಲ.

ಸಪ್ನಾಳನ್ನು ವಾರ್ಡಿಗೆ ಸೇರಿಸಿಕೊಂಡರು. ಎಕ್ಸ್‌ರೇ ತೆಗೆದರು, ಸಲೈನ್ ಹಚ್ಚಿದರು. ಆ ಇಂಜೆಕ್ಷನ್ನನ್ನು ಸದ್ಯಕ್ಕೆ ನಿಲ್ಲಿಸಿ ಹೊಟ್ಟೆ ಸಡಿಲಾಗುವ ಔಷಧಿ ಕುಡಿಸಿದರು. ಮರುದಿನ ಮಧ್ಯಾಹ್ನದವರೆಗೂ ಏನೂ ಆಗಲಿಲ್ಲ. ಶಿವಬಸವ್ವ ನೀರೂ ಮುಟ್ಟದೆ ಮಂಚದ ಪಕ್ಕ ಕೂತಿದ್ದಳು. ಎರಡು ಗಂಟೆಯ ಹೊತ್ತಿಗೆ ಸಪ್ನಾ "ಆಯಿ, ಬಂತು" ಎಂದು ಕೂಗಿದಳು. ಹತ್ತು ನಿಮಿಷದ ಮೇಲೆ ವಾರ್ಡಿನ ಅಷ್ಟೂ ತಾಯಂದಿರಿಗೆ ಗಂಡು ಮಗು ಹುಟ್ಟಿದಷ್ಟು ಸಂಭ್ರಮ. ಮೋಹನದಾಸ ಓಡುತ್ತ ಬಂದು ಡಬ್ಬಿ ಹಿಡಿದು ನಿಂತ. ಈ ಸಲ ತನ್ನ ಕಣ್ಣೆದುರೇ ತುಂಬಬೇಕೆಂದು ಅವನ ಹಟ.

ಅಂದು ಸಂಜೆ ನೀತಾ ಮಾರ್ತಾಂಡರ ಕೋಣೆಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದಳು. ಅವರು ಮೇಜಿನ ಮೇಲಿದ್ದ ತಮ್ಮ ಊಟದ ಡಬ್ಬಿಯನ್ನು ಪಕ್ಕಕ್ಕೆ ಸರಿಸಿದರು.

"ಅಂದರೆ ನಾನು ಎರಡು ತಿಂಗಳಿಂದ ಭಾಕರಿ ತಿನ್ನುತ್ತಿರುವುದು..."

"ಭಾಕರಿ ಒಳ್ಳೇದ ಸರ್" ಎಂದಳು ನೀತಾ.

ದಿಲ್ಲಿಯಲ್ಲಿ ಅವಳು ಹದಿನೇಳನೇ ನಂಬರನ್ನು ತೆಗೆದುಹಾಕಿ ಉಳಿದ ಮಕ್ಕಳ ವಿಷಯವನ್ನಷ್ಟೇ ಮಂಡಿಸಿದಳು. ಸಭೆಯಲ್ಲಿದ್ದವರು ಅಷ್ಟಕ್ಕಷ್ಟೇ ಚಪ್ಪಾಳೆ ತಟ್ಟಿ ಊಟಕ್ಕೆ ಹೋದರು.

ಆದರೆ ಮೋಹನದಾಸನಿಗೆ ಅಂಥ ಹೊಟ್ಟೆಯನ್ನು ಕೈಬಿಡಲು ಮನಸ್ಸಾಗಲಿಲ್ಲ. ಹೋಲಿಸಿ ನೋಡಲು ಆರೋಗ್ಯವಂತರೂ ಬೇಕಲ್ಲ ಎಂದು ಗಂಟುಬಿದ್ದ. ನೀತಾ ಒಪ್ಪಿಗೆಪತ್ರವನ್ನು ಕನ್ನಡದಲ್ಲಿ ಬರೆಸಿ ಶಿವಬಸವ್ವನಿಗೆ ಓದಿ ಹೇಳಿದಳು. ಅಜ್ಜಿ ಹೆಬ್ಬೆಟ್ಟು ಒತ್ತಿ, ತನ್ನ ಹೆಸರು ಬರೆದ ಡಬ್ಬಿಯನ್ನು ಎರಡೂ ಕೈಯಲ್ಲಿ ಇಸಿದುಕೊಂಡಳು. ಮುಂದಿನ ಸೋಮವಾರ ಬಂದು ಡಬ್ಬಿಯನ್ನು ಹಾಗೇ ಮೇಜಿನ ಮೇಲಿಟ್ಟಳು. ಖಾಲಿ.

"ಏನಾತ್ರಿ ಆಯಿ?"

"ಏನ ಹೇಳ್ಲಿ ಬಾಯಾರ, ಕಳ್ಳತನದಾಗ ಕೊಡುವಾಗ ಒಂದ ದಿನಾ ತಪ್ಪಿಲ್ಲ. ಈಗ ಹೆಬ್ಬಟ್ಟ ಒತ್ತಿದ ಮ್ಯಾಲ ಮೂರ ದಿನಾ ಆತು, ಹೊಟ್ಟಿ ಅಂಜಿ ಕುಂತದ."

ನೀತಾ ನಕ್ಕು ನಕ್ಕು ಕನ್ನಡಕ ತೆಗೆದು ಕಣ್ಣೊರೆಸಿಕೊಂಡಳು. ಪುಸ್ತಕದಲ್ಲಿ "ಈ ವಾರ ಇಲ್ಲ" ಎಂದು ಬರೆದು ಶಿವಬಸವ್ವನಿಗೆ ತೋರಿಸಿದಳು. ಹೀಗೂ ಬರೆಯಬಹುದು ಎಂಬುದು ಅಜ್ಜಿಗೆ ಅಂದೇ ಗೊತ್ತಾದದ್ದು.

ಅಂದಿನಿಂದ ನೀತಾ ಯಾವ ಮಗು ಬಂದರೂ ಬೇರೆ ಮಾತಿಗೆ ಮೊದಲು ಸಂಡಾಸಕ್ಕೆ ಯಾವಾಗ ಹೋಗಿದ್ದೆ ಎಂಬ ಒಂದು ಪ್ರಶ್ನೆ ಕೇಳುತ್ತಿದ್ದಳು. 2010ರ ಕೊನೆಗೆ ಸಪ್ನಾಳ ಚಿಕಿತ್ಸೆ ಮುಗಿಯಿತು. ಕೊನೆಯ ಭೇಟಿಯ ದಿನ ಅವಳು ಹೊಸದಾಗಿ ಬೆಳೆದ ಕೂದಲಿಗೆ ಎರಡು ಕ್ಲಿಪ್ಪು ಹಾಕಿಕೊಂಡು ಬಂದಿದ್ದಳು. ಬಾಗಿಲಲ್ಲೇ ನಿಂತು, ಹೊರಗೆ ಕಾಯುತ್ತಿದ್ದ ನಲವತ್ತು ಜನರಿಗೂ ಕೇಳುವಂತೆ, "ಮುಂಜಾನೇನ ಆಗೇದ್ರಿ, ಭಾಳ ಚಲೋ ಆಗೇದ!" ಎಂದಳು.

ಚನ್ನವೀರ ತಲೆ ತಗ್ಗಿಸಿದ. ಶಿವಬಸವ್ವ ಮಾತ್ರ ಸುತ್ತ ಕೂತವರನ್ನೆಲ್ಲ ಒಮ್ಮೆ ಹೆಮ್ಮೆಯಿಂದ ನೋಡಿ, ಮೊಮ್ಮಗಳ ಹಿಂದೆ ಒಳಗೆ ನಡೆದಳು.