ವಿರಬೀಲಿನಲ್ಲಿ ಮೂರು ನಕ್ಷತ್ರ

ಮರ್ವಿನ್ ಟ್ರೆಲೋರ್ ಲಾರಿ ಮಾರುವ ಮಾತೆತ್ತಿದ್ದು ಫೆಬ್ರವರಿಯಲ್ಲಿ. ವಿರಬೀಲಿನ ಸುತ್ತ ಸೆಪ್ಟಿಕ್ ಟ್ಯಾಂಕ್ ಖಾಲಿ ಮಾಡುವ ಲಾರಿ ಅವನದೊಂದೇ; ಆಫೀಸಿನಲ್ಲಿ ಫೋನ್ ಎತ್ತುವವಳು ನಾನೊಬ್ಬಳೇ. ಗುಡ್ಡದ ಮೇಲೆ ಹೊಸದಾಗಿ ಮನೆ ಕಟ್ಟಿದವರು ಯಾರನ್ನೂ ವಿಚಾರಿಸುವುದಿಲ್ಲ, ಇಂಟರ್ನೆಟ್ಟಿನಲ್ಲಿ ಹುಡುಕುತ್ತಾರೆ. ಹುಡುಕಿದರೆ ಮೊದಲು ಸಿಗುವುದು ನೂರೈವತ್ತು ಕಿಲೋಮೀಟರ್ ದೂರದ ಪೇಟೆಯ ಕಂಪನಿ. ನಾವು ನಾಲ್ಕನೇ ಪುಟದಲ್ಲಿ, ನಾಯಿಗಳಿಗೆ ಸ್ನಾನ ಮಾಡಿಸುವವನ ಕೆಳಗಿದ್ದೆವು.

"ಈಸ್ಟರ್‌ವರೆಗೆ ನೋಡ್ತೀನಿ ಗ್ಲೆನಿಸ್," ಅಂದ ಮರ್ವಿನ್. "ಫೋನ್ ಹೀಗೇ ಸುಮ್ನಿದ್ರೆ ಲಾರಿ ಕೊಟ್ಬಿಡ್ತೀನಿ."

ನನಗೆ ಐವತ್ತೆಂಟು. ಈ ಊರಿನಲ್ಲಿ ಫೋನ್ ಎತ್ತುವ ಕೆಲಸ ಇನ್ನೊಂದಿಲ್ಲ.

ಮಂಗಳವಾರ ಸಂಜೆಯ ವೆಬ್‌ಸೈಟ್ ತರಗತಿಗೆ ಸೇರಿದೆ. ಹೇಳಿಕೊಟ್ಟದ್ದನ್ನೆಲ್ಲ ಮಾಡಿದೆ. ವಿಳಾಸ ಸರಿಪಡಿಸಿದೆ, ಊರಿನ ಹೆಸರು ಸೇರಿಸಿದೆ, ಟ್ಯಾಂಕ್ ತುಂಬಿದೆಯೆಂದು ತಿಳಿಯುವುದು ಹೇಗೆ ಎಂದು ಒಂದು ಲೇಖನ ಬರೆದು ನಾಲ್ಕು ಸಲ ತಿದ್ದಿದೆ. ಎರಡೇ ವಾರದಲ್ಲಿ ನಾವು ಮೊದಲನೆಯವರಾದೆವು. ಆಮೇಲೆ ಟೀಚರ್ ವಿವರಿಸಿದರು: ದಿನಕ್ಕೆ ಮೂವತ್ತು ಸಲ ನಮ್ಮದನ್ನೇ ತೆರೆಯುತ್ತಿದ್ದರಿಂದ ನನ್ನ ಕಂಪ್ಯೂಟರ್ ನನಗೆ ಬೇಕಾದ್ದನ್ನೇ ತೋರಿಸುತ್ತಿತ್ತು. ಲೈಬ್ರರಿಯ ಕಂಪ್ಯೂಟರಿನಲ್ಲಿ ನೋಡಿದೆ. ಎರಡನೇ ಪುಟ.

"ಗಿರಾಕಿಗಳು ಏನಾದ್ರೂ ಬರೀಬೇಕು," ಅಂದರು ಟೀಚರ್. "ಪೇಟೆ ಕಂಪನಿಗೆ ನಾಲ್ಕೂವರೆ ನಕ್ಷತ್ರ ಇದೆ. ನಿಮಗೆ ಒಂದೂ ಇಲ್ಲ."

ಇಪ್ಪತ್ತು ವರ್ಷಗಳಲ್ಲಿ ನಮ್ಮನ್ನು ಕರೆಸಿದ್ದ ಗಿರಾಕಿಗಳಿಗೆಲ್ಲ ಪತ್ರ ಹಾಕಿದೆ. ವಾರದೊಳಗೆ ನಲವತ್ತೊಂದು ಜನ ಬರೆದರು. ನಲವತ್ತೊಂದು ಜನವೂ ಐದಕ್ಕೆ ಮೂರು ಕೊಟ್ಟಿದ್ದರು. 'ಪರವಾಗಿಲ್ಲ.' 'ಹೇಳಿದ ದಿನ ಬಂದ.' 'ಇದಕ್ಕಿಂತ ಕೆಟ್ಟದ್ದು ನೋಡಿದ್ದೇನೆ.'

ನನಗೆ ಮೊದಲೇ ಹೊಳೆಯಬೇಕಿತ್ತು. ನಾನೂ ಈ ಊರಿನವಳೇ.

ಬೇಕರಿಯಲ್ಲಿ ಡಲ್ಸಿ ಪೆಂಗಿಲಿ ಸಿಕ್ಕಳು. ಅವಳ ಮಗಳ ಮದುವೆಯ ಬೆಳಿಗ್ಗೆ ಟ್ಯಾಂಕ್ ಉಕ್ಕಿದಾಗ, ಊಟಕ್ಕೆಂದು ಬಂದಿದ್ದ ಮರ್ವಿನ್ ಸೂಟಿನಲ್ಲೇ ಪೈಪ್ ಹಿಡಿದಿದ್ದ.

"ಡಲ್ಸಿ, ನೀನಾದ್ರೂ ಐದು ಕೊಡಬಾರ್ದಿತ್ತಾ?"

"ಐದು ಕೊಟ್ರೆ ಅವ್ನ ತಲೆ ನಿಲ್ಲುತ್ತಾ ಮಾರಾಯ್ತಿ? ಕಟ್ಕೊಂಡ ಗಂಡನ್ನೇ ನಾನು ಎರಡೂವರೆ ದಾಟ್ಸಿಲ್ಲ."

"ಪೇಟೆಯವ್ರಿಗೆ ನಾಲ್ಕೂವರೆ ಇದೆ."

"ಪೇಟೇಲಿ ಯಾರ್ಯಾರಿಗೋ ಕೊಡ್ತಾರೆ," ಎಂದು ಅವಳು ಪೈ ಕಟ್ಟಿಸಿಕೊಂಡು ಹೋದಳು.

ಮರ್ವಿನ್‌ಗೆ ತಿಳಿಸಲೇಬೇಕಾಯಿತು. ಅವನು ಕನ್ನಡಕ ಹಾಕಿಕೊಂಡು ನಲವತ್ತೊಂದನ್ನೂ ಓದಿದ.

"ಕ್ಲಾರಿ ಹೋಬನ್ ಮೂರು ಕೊಟ್ನಾ?" ಅಂದ, ಶಾಲೆಯ ದಿನಗಳ ಗೆಳೆಯನ ಹೆಸರು ಕಂಡು. "ಕ್ಲಾರಿ?"

ಆಮೇಲೆ ಲಾರಿ ತೊಳೆಯಲು ಹೋದ. ಬೆಳಿಗ್ಗೆಯೇ ಅದನ್ನು ತೊಳೆದಾಗಿತ್ತು.

ನಲವತ್ತೊಂದನ್ನೂ ವೆಬ್‌ಸೈಟಿನ ಮೊದಲ ಪುಟಕ್ಕೆ ಹಾಕಿ, ಮೇಲೆ ಬರೆದೆ: 'ವಿರಬೀಲಿನಲ್ಲಿ ಮೂರಕ್ಕಿಂತ ಹೆಚ್ಚು ಯಾರೂ ಯಾರಿಗೂ ಕೊಡುವುದಿಲ್ಲ.' ಸುಳ್ಳಾಗಬಾರದೆಂದು ಊರಿನ ಅಂಗಡಿಗಳ ಪುಟಗಳನ್ನೆಲ್ಲ ಇಂಟರ್ನೆಟ್ಟಿನಲ್ಲಿ ತೆರೆದು ನೋಡಿದೆ. ಬೇಕರಿಗೆ ಒಮ್ಮೆ ನಾಲ್ಕು ಬಂದಿತ್ತು. ಅದನ್ನೂ ನಮೂದಿಸಿ, ಕೊಟ್ಟವನು ಪ್ರವಾಸಿ ಎಂದು ಸೇರಿಸಿದೆ.

ಯಾರು ಏನು ಬರೆದರೆಂದು ನೋಡಲು ಊರಿನವರು ದಿನವೂ ಪುಟ ತೆರೆದರು. ಗುಡ್ಡದವರು ಓದಿ ನಕ್ಕು ಗೆಳೆಯರಿಗೆ ಕಳಿಸಿದರು. ಜಿಲ್ಲಾ ಪತ್ರಿಕೆ ತನ್ನ ತಾಣದಲ್ಲಿ ನಮ್ಮ ಪುಟಕ್ಕೆ ಕೊಂಡಿ ಹಾಕಿತು. ಬೇರೆಯವರು ಹಾಗೆ ಕೊಂಡಿ ಹಾಕಿದರೆ ಮೇಲೇರುತ್ತೇವೆ ಎಂದು ತರಗತಿಯಲ್ಲಿ ಹೇಳಿದ್ದರು; ನಾನು ಬರೆದುಕೊಂಡಿದ್ದೆ, ನಂಬಿರಲಿಲ್ಲ. ಲೈಬ್ರರಿಗೆ ಹೋಗಿ ನೋಡಿದೆ. ಮೊದಲ ಪುಟ, ಪೇಟೆ ಕಂಪನಿಯ ನೇರ ಕೆಳಗೆ. ಇನ್ನೊಂದು ಕಂಪ್ಯೂಟರಿನಲ್ಲೂ ನೋಡಿದೆ.

ಮರುದಿನ ಗುಡ್ಡದಿಂದ ಒಬ್ಬ ಹೆಂಗಸು ಫೋನ್ ಮಾಡಿದಳು.

"ಮೂರು ನಕ್ಷತ್ರದವ್ರಾ?"

"ಹೌದು," ಅಂದೆ.

"ಪೇಟೆಯವ್ರು ಎರಡು ಸಲ ಬರ್ತೀವಿ ಅಂದು ಬರ್ಲಿಲ್ಲ. ನಿಮ್ಮವ್ರು ಹೇಳಿದ ದಿನ ಬರ್ತಾರಂತೆ?"

ಈಸ್ಟರ್‌ನ ಹಿಂದಿನ ಗುರುವಾರದ ಹೊತ್ತಿಗೆ ಎರಡು ವಾರದ ಕೆಲಸ ನಿಗದಿಯಾಗಿತ್ತು. ಲಾರಿ ಕೊಳ್ಳುವವನು ಫೋನ್ ಮಾಡಿದಾಗ ಮರ್ವಿನ್ ಮಾರುವುದಿಲ್ಲವೆಂದ. ಕೈಯಲ್ಲಿ ಚಹಾ ಹಿಡಿದು ನನ್ನ ಮೇಜಿನ ಬಳಿ ನಿಂತ.

"ಪರವಾಗಿಲ್ಲ, ಗ್ಲೆನಿಸ್," ಅಂದ.

ಚಹಾಕ್ಕೆ ಹೇಳಿದನೇನೋ ಎಂದು ಮಧ್ಯಾಹ್ನದವರೆಗೂ ಅನುಮಾನವಿತ್ತು. ಆದರೆ ಆ ದಿನ ಚಹಾ ಮಾಡಿದ್ದು ಅವನೇ.